ಹಳೇ ಡಬ್ಬಾ ಟಿವಿಗೆ ಯಾವ ಬಾಕ್ಸ್ ತಗೋಬೇಕು, ಎಷ್ಟು ಖರ್ಚಾಗತ್ತೆ?

ಪ್ರಶ್ನೆ: ನಾವು ಡೊಂಬಿವ್ಲಿ ಈಸ್ಟ್‌ನಲ್ಲಿರೋದು ಸರ್. ಅತ್ತೆ ಹುಬ್ಬಳ್ಳಿಯಿಂದ ಬಂದು ಈಗ ನಮ್ಮ ಜೊತೇನೇ ಇದಾರೆ. ಅವರ ರೂಮಿಗೆ ನಮ್ಮ ಹಳೇ 21 ಇಂಚಿನ ಒನಿಡಾ ಡಬ್ಬಾ ಟಿವಿ ಇಡೋಣ ಅಂತ ಆನ್ ಮಾಡಿದ್ರೆ ಬರೀ ಚುಕ್ಕಿ, ಬುಸ್ ಅಂತ ಶಬ್ದ. ಹಿಂದೆ ಹಳದಿ ತೂತು ಒಂದು, ಬಿಳಿ ತೂತು ಒಂದು, ಆಂಟೆನಾ ಪಿನ್ ಒಂದು ಇದೆ. ಅಮೆರಿಕದಲ್ಲಿರೋ ಮೈದುನ ಮುಂದಿನ ತಿಂಗಳು ಬರ್ತಿದಾನೆ, ಅಲ್ಲಿ 30-40 ಡಾಲರಿಗೆ ಡಿಜಿಟಲ್ ಕನ್ವರ್ಟರ್ ಬಾಕ್ಸ್ ಸಿಗತ್ತೆ ತರ್ಲಾ ಅಂತಾನೆ. ತರಿಸ್ಬಹುದಾ? ಇಲ್ಲೇ ಕಮ್ಮಿ ರೇಟಿಗೆ ಏನಾದ್ರೂ ಇದೆಯಾ? ಅತ್ತೆಗೆ ಕನ್ನಡ ಸೀರಿಯಲ್ ಬಂದ್ರೆ ಸಾಕು.

ಉತ್ತರ: ಅಕ್ಕ, ಮೊದಲು ಮೈದುನನಿಗೆ ಇವತ್ತೇ ಮೆಸೇಜ್ ಹಾಕಿ, ಆ ಬಾಕ್ಸ್ ತರೋದು ಬೇಡ ಅಂತ. ಅಮೆರಿಕದಲ್ಲಿ 2009ರ ಜೂನ್ 12ಕ್ಕೆ ದೊಡ್ಡ ಸ್ಟೇಷನ್‌ಗಳೆಲ್ಲ ಅನಲಾಗ್ ನಿಲ್ಲಿಸಿ ಡಿಜಿಟಲ್ ಆದ್ವು, ಹಳೇ ಟಿವಿ ಇಟ್ಕೊಂಡಿದ್ದ ಜನಕ್ಕೆ ಅಲ್ಲಿನ ಸರ್ಕಾರವೇ 40 ಡಾಲರಿನ ಕೂಪನ್ ಕೊಟ್ಟು ಈ ಕನ್ವರ್ಟರ್ ಬಾಕ್ಸ್ ಕೊಡಿಸ್ತು, ಅದೇ ಜಾತಿಯ ಬಾಕ್ಸನ್ನೇ ನಿಮ್ಮ ಮೈದುನ ಅಂಗಡೀಲಿ ನೋಡಿರೋದು. ಅದು ಹಿಡಿಯೋದು ಎಟಿಎಸ್‌ಸಿ ಅನ್ನೋ ಅವರ ಪದ್ಧತಿಯ ಸಿಗ್ನಲ್ ಮಾತ್ರ, ನಮ್ಮ ದೇಶದಲ್ಲಿ ಆ ಸಿಗ್ನಲ್ಲೇ ಇಲ್ಲ, ನಮ್ಮದೆಲ್ಲ ಡಿವಿಬಿ ಪದ್ಧತಿ. ಅಷ್ಟೇ ಅಲ್ಲ, ಅದರಿಂದ ಹೊರಗೆ ಬರೋ ಚಿತ್ರ ಎನ್‌ಟಿಎಸ್‌ಸಿ ಅನ್ನೋ ಅಮೆರಿಕದ ಬಣ್ಣದ ಪದ್ಧತೀದು, ನಿಮ್ಮ ಒನಿಡಾ ನಮ್ಮ ಕಡೆಯ ಪಾಲ್ ಪದ್ಧತಿಯ ಟಿವಿ, ಅಡಾಪ್ಟರ್ ಬರೀ 120 ವೋಲ್ಟಿಂದಾಗಿದ್ರೆ ನಮ್ಮ 230ಕ್ಕೆ ಹಾಕಿದ ತಕ್ಷಣ ಸುಟ್ಟೂ ಹೋಗ್ಬಹುದು. ಆಸೆಯಿಂದ ತಂದ ಸಾಮಾನು ಮೂಲೆ ಸೇರತ್ತೆ, ಬೇಡ.

ಇನ್ನು ನಿಮ್ಮ ಟಿವಿ. ಅದು ಕೆಟ್ಟಿಲ್ಲ. ಚುಕ್ಕಿ ಬರ್ತಿದೆ, ಬುಸ್ ಅಂತಿದೆ ಅಂದ್ರೆ ಪಿಕ್ಚರ್ ಟ್ಯೂಬು, ಸ್ಪೀಕರು ಎಲ್ಲ ಜೀವಂತ ಇದೆ, ಹಿಡಿಯೋಕೆ ಸಿಗ್ನಲ್ ಇಲ್ಲ ಅಷ್ಟೇ. ಮೊದಲು ಕೇಬಲ್ ವೈರನ್ನ ಸೀದಾ ಟಿವಿಗೆ ಸಿಕ್ಕಿಸಿದ್ರೆ ಚಾನಲ್ ಬರ್ತಿತ್ತು ನೆನಪಿರಬಹುದು, ಮುಂಬೈ ಸಿಟೀಲಿ ಅದು 2012ರ ಅಕ್ಟೋಬರ್ 31ಕ್ಕೆ ಮುಗೀತು, ಪುಣೆಗೆ 2013ರ ಮಾರ್ಚ್ 31ರ ಗಡುವು ಕೊಟ್ಟಿದ್ರು, ಆಮೇಲೆ ಉಳಿದ ಊರುಗಳಿಗೂ ಹಂತ ಹಂತವಾಗಿ ಸೆಟ್‌ಟಾಪ್ ಬಾಕ್ಸ್ ಕಡ್ಡಾಯ ಆಯ್ತು. ದೂರದರ್ಶನದವರೂ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನ ಒಂದೊಂದಾಗಿ ಬಂದ್ ಮಾಡ್ತಾ ಬಂದ್ರು. ಹಾಗಾಗಿ ಮೀನಿನ ಮುಳ್ಳಿನಂಥ ಆ ಹಳೇ ಆಂಟೆನಾ ಮತ್ತೆ ಹತ್ತಿಸಿದ್ರೂ ಏನೂ ಬರಲ್ಲ. ಮಧ್ಯೆ 2016ರಲ್ಲಿ ಡಿವಿಬಿ-ಟಿ2 ಅಂತ ಗಾಳೀಲಿ ಬರೋ ಡಿಜಿಟಲ್ ದೂರದರ್ಶನವನ್ನ ಮುಂಬೈ ಸೇರಿ 16 ನಗರಗಳಲ್ಲಿ ಶುರು ಮಾಡಿದ್ರು, ಅದರ ಬಾಕ್ಸು, ಡಾಂಗಲ್ಲು ಈಗಲೂ ಆನ್‌ಲೈನ್‌ನಲ್ಲಿ ಕಾಣಿಸತ್ತೆ. ಅದಕ್ಕೂ ದುಡ್ಡು ಹಾಕ್ಬೇಡಿ, ಅದರಲ್ಲಿ ಕೊಟ್ಟಿದ್ದೇ ದೂರದರ್ಶನದ ನಾಲ್ಕೈದು ಚಾನಲ್ಲು, ಕನ್ನಡ ಇರ್ಲಿಲ್ಲ.

ಈಗ ಮುಖ್ಯ ಮಾತಿಗೆ ಬರ್ತೀನಿ. ಎಲ್ಲರೂ ನನ್ನ ಕೇಳೋದು ಬಾಕ್ಸ್ ಎಷ್ಟಕ್ಕೆ ಸಿಗತ್ತೆ ಅಂತ. ಬಾಕ್ಸ್ ಎಲ್ಲಾ ಕಡೆ ಅಗ್ಗಾನೇ ಅಕ್ಕ, ಖರ್ಚು ಇರೋದು ತಿಂಗಳ ರೀಚಾರ್ಜಿನಲ್ಲಿ, ಅದು ಎಷ್ಟಾಗತ್ತೆ ಅನ್ನೋದು ಅತ್ತೆ ಏನು ನೋಡ್ತಾರೆ ಅನ್ನೋದರ ಮೇಲೆ ನಿಂತಿದೆ. ಮರಾಠಿ, ಹಿಂದಿ ನೋಡೋರಿಗೆ ನಾನು ಕಣ್ಣು ಮುಚ್ಕೊಂಡು ಡಿಡಿ ಫ್ರೀ ಡಿಶ್ (ದೂರದರ್ಶನದವರು ಉಪಗ್ರಹದಿಂದ ಪುಕ್ಕಟೆ ಕೊಡೋ ಚಾನಲ್ಲು) ಹಾಕಿಸ್ಕೊಳಿ ಅಂತೀನಿ, ಬಾಕ್ಸು, ಛತ್ರಿ (ಡಿಶ್ ಆಂಟೆನಾ), ವೈರು ಎಲ್ಲ ಸೇರಿ ಸುಮಾರು 2000 ರೂಪಾಯಿ ಒಂದೇ ಸಲ, ಆಮೇಲೆ ಜನ್ಮದಲ್ಲಿ ರೀಚಾರ್ಜ್ ಇಲ್ಲ. ಆದ್ರೆ ಕನ್ನಡದ ಮಟ್ಟಿಗೆ ಫ್ರೀ ಡಿಶ್ ಅಂದ್ರೆ ಹೆಚ್ಚುಕಮ್ಮಿ ಡಿಡಿ ಚಂದನ ಅಂತ ತಿಳ್ಕೊಳಿ. ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಸುವರ್ಣ ಇವೆಲ್ಲ ದುಡ್ಡು ಕೊಟ್ಟು ನೋಡೋ ಚಾನಲ್ಲು. ಅಂಗಡಿಯವನು "ಸಬ್ ಆತಾ ಹೈ" ಅಂತಾನೆ, ಅವನ ಪ್ರಕಾರ ಸಬ್ ಅಂದ್ರೆ ಹಿಂದಿ, ಭೋಜ್‌ಪುರಿ, ಸ್ವಲ್ಪ ಮರಾಠಿ. ಅಷ್ಟು ದುಡ್ಡು ಹಾಕಿ ಮನೆಗೆ ತಂದ್ಮೇಲೆ ಅತ್ತೆ ಮೊದಲನೇ ದಿನವೇ "ನನ್ನ ಧಾರಾವಾಹಿ ಎಲ್ಲೈತವ್ವಾ?" ಅಂತ ಕೇಳಿದ್ರೆ ಏನು ಹೇಳ್ತೀರಿ. ಆದ್ದರಿಂದ ಕೂತು ಕೇಳಿ ಅವರನ್ನ, ಯಾವ್ಯಾವ ಸೀರಿಯಲ್ಲು, ಯಾವ ಚಾನಲ್ಲು, ಒಂದು ಚೀಟೀಲಿ ಬರ್ಕೊಳಿ. ಚಂದನದಲ್ಲಿ ಬರೋ ಸಂಗೀತ, ಹಳೇ ಸಿನಿಮಾ, ವಾರ್ತೆ ಇಷ್ಟರಲ್ಲೇ ಖುಷಿ ಅನ್ನೋ ಹಿರಿಯರೂ ತುಂಬಾ ಜನ ಇದಾರೆ, ಅಂಥವರಿಗೆ ಫ್ರೀ ಡಿಶ್‌ಗಿಂತ ಒಳ್ಳೇದು ಇನ್ನೊಂದಿಲ್ಲ, ಜೊತೆಗೆ ಅದರಲ್ಲಿ ಆಕಾಶವಾಣಿಯ ಹಲವು ಭಾಷೆಗಳ ರೇಡಿಯೋ ಚಾನಲ್ಲೂ ಬರತ್ತೆ.

ನೀವು ಹೇಳಿದ ಪ್ರಕಾರ ಸೀರಿಯಲ್ ಬೇಕೇ ಬೇಕು, ಹಾಗಾದ್ರೆ ಕೇಬಲ್ ಇಲ್ಲಾ ಡಿಟಿಎಚ್, ಅಂದ್ರೆ ದುಡ್ಡು ಕೊಟ್ಟು ಛತ್ರಿ ಹಾಕಿಸ್ಕೊಂಡು ಉಪಗ್ರಹದಿಂದ ನೋಡೋದು. ಲೆಕ್ಕ ಹೀಗೆ ನೋಡಿ: 2019ರಲ್ಲಿ ಟ್ರಾಯ್ (ಟಿವಿ, ಫೋನ್ ಕಂಪನಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ) ಹೊಸ ನಿಯಮ ತಂದಾಗ ನೆಟ್‌ವರ್ಕ್ ಚಾರ್ಜು, ಅಂದ್ರೆ ಕನೆಕ್ಷನ್ನಿನ ತಿಂಗಳ ಬಾಡಿಗೆ, 130 ರೂಪಾಯಿ ದಾಟಬಾರದು ಅಂತ ಮಿತಿ ಹಾಕಿತ್ತು, 2024ರಲ್ಲಿ ಆ ಮಿತಿ ತೆಗೆದು ಕಂಪನಿಗಳಿಗೇ ಬಿಟ್ಟಿದೆ, ಹಾಗಾಗಿ ಒಬ್ಬೊಬ್ಬರದು ಒಂದೊಂದು ರೇಟು, ಕೇಳಿ ನೋಡ್ಬೇಕು. 130 ಅಂತಲೇ ಇಟ್ಕೊಳಿ, ಅದರ ಮೇಲೆ ನಾಲ್ಕು ಕನ್ನಡ ಚಾನಲ್ಲು ಬಿಡಿಬಿಡಿಯಾಗಿ ತಲಾ 19 ಅಂದ್ರೂ 76, ಒಟ್ಟು 206, ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿದ್ರೆ 243 ರೂಪಾಯಿ ಆಯ್ತು. ಎರಡೇ ಚಾನಲ್ ಸಾಕು ಅಂದ್ರೆ 200ರ ಒಳಗೇ ಬರತ್ತೆ. ಇಲ್ಲಿ ಕೇಬಲ್‌ವಾಲಾ ನಿಮಗೆ ಹಿಂದಿ-ಮರಾಠಿ ದೊಡ್ಡ ಪ್ಯಾಕ್ ಹಾಕಿ ಅದರ ಮೇಲೆ ಕನ್ನಡ ಸೇರಿಸೋಕೆ ನೋಡ್ತಾನೆ, ಆಗ 350-400 ಆಗ್ಬಿಡತ್ತೆ. ಬಿಡಿ ಚಾನಲ್ ಕೇಳೋದು ನಿಮ್ಮ ಹಕ್ಕು, ಚೀಟಿ ತೋರಿಸಿ "ಇಷ್ಟೇ ಹಾಕು ಭಾಯ್" ಅಂತ ಗಟ್ಟಿಯಾಗಿ ಹೇಳಿ. ಆದ್ರೆ ಕನ್ನಡದ ಸಣ್ಣ ಪ್ಯಾಕ್ ಇದ್ರೆ ಅದನ್ನೂ ಕೇಳಿ ನೋಡಿ, ಒಮ್ಮೊಮ್ಮೆ ಬಿಡಿ ಬಿಡಿ ಕೂಡಿಸಿದ್ದಕ್ಕಿಂತ ಅದೇ ಅಗ್ಗ ಬೀಳತ್ತೆ.

ಕೇಬಲ್ಲೋ ಡಿಟಿಎಚ್ಚೋ ಅಂತ ಕೇಳಿದ್ರೆ, ನಿಮ್ಮ ಹಾಲ್‌ನಲ್ಲಿ ಈಗಾಗ್ಲೇ ಕೇಬಲ್ ಇದ್ರೆ ಅದೇ ಕೇಬಲ್‌ವಾಲಾ ಹತ್ರ ಎರಡನೇ ಕನೆಕ್ಷನ್ ಕೇಳಿ, ಒಂದೇ ಮನೇಲಿ ಎರಡನೇ ಟಿವಿಗೆ ಚಾರ್ಜಲ್ಲಿ ರಿಯಾಯಿತಿ ಸಿಗಬಹುದು, ಕೇಳಿ ನೋಡಿ, ಮಳೇಲೂ ಕೈ ಕೊಡಲ್ಲ. ಕನ್ನಡ ಚಾನಲ್ ತನ್ನ ಹತ್ರ ಇಲ್ಲ ಅಂದ್ರೆ ಮಾತ್ರ ಡಿಟಿಎಚ್, ಅದರಲ್ಲಿ ದೇಶದ ಯಾವ ಮೂಲೇಲಿದ್ರೂ ಕನ್ನಡ ಪ್ಯಾಕ್ ಸಿಗತ್ತೆ. ಬಾಡಿಗೆ ಮನೆಯವರಿಗೂ ಡಿಟಿಎಚ್ಚೇ ಅನುಕೂಲ, ಮನೆ ಬದಲಾಯಿಸಿದ್ರೆ ಬಿಚ್ಕೊಂಡು ಹೋಗ್ಬಹುದು. ಎರಡರಲ್ಲಿ ಯಾವುದಾದ್ರೂ ಸರಿ, ಎಸ್‌ಡಿ, ಅಂದ್ರೆ ಸಾಧಾರಣ ಚಿತ್ರದ ಬಾಕ್ಸ್ ಕೇಳಿ, ಹೆಚ್ಚು ಸ್ಪಷ್ಟ ಚಿತ್ರದ ಎಚ್‌ಡಿ ಬೇಡ. ನಿಮ್ಮ ಡಬ್ಬಾ ಟಿವಿಗೆ ಎಚ್‌ಡಿ ತೋರಿಸೋ ಶಕ್ತಿನೇ ಇಲ್ಲ, ಬಾಕ್ಸಿಗೂ ಜಾಸ್ತಿ ಕೊಟ್ಟು ಎಚ್‌ಡಿ ಚಾನಲ್ಲಿಗೂ ಜಾಸ್ತಿ ಕೊಟ್ಟು ಅದೇ ಚಿತ್ರ ನೋಡೋದು ಯಾಕೆ. ಮತ್ತೆ ಮುಂಬೈ ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲೋ ಆನ್‌ಲೈನಲ್ಲೋ ಸೆಕೆಂಡ್ ಹ್ಯಾಂಡ್ ಕೇಬಲ್ ಬಾಕ್ಸ್ 200-300ಕ್ಕೆ ಸಿಗತ್ತೆ ಅಂತ ತರಬೇಡಿ, ಪ್ರತಿ ಬಾಕ್ಸೂ ಒಂದೊಂದು ಕಂಪನಿಗೆ ಕಟ್ಟಿಹಾಕಿರತ್ತೆ, ಬೇರೆಯವರದ್ದನ್ನ ನಿಮ್ಮ ಕೇಬಲ್‌ವಾಲಾ ಚಾಲೂ ಮಾಡಲ್ಲ.

ಫ್ರೀ ಡಿಶ್ ಬಗ್ಗೆ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ ಚಂದನ ಸಾಕು ಅನ್ನೋ ಬೇರೆ ಓದುಗರಿಗೂ ಉಪಯೋಗ ಆಗತ್ತೆ. ಬಾಕ್ಸ್ ತಗೊಳೋವಾಗ ಎಂಪೆಗ್-4 ಅಂತ ಬರೆದಿರೋದನ್ನೇ ತಗೊಳಿ, ಅದು ಚಿತ್ರವನ್ನ ಕುಗ್ಗಿಸಿ ಕಳಿಸೋ ಹೊಸ ವಿಧಾನ, ಎಂಪೆಗ್-2 ಮಾತ್ರ ಹಿಡಿಯೋ ಹಳೇ ಬಾಕ್ಸು ನೂರಿನ್ನೂರು ಕಮ್ಮಿಗೆ ಕೊಡ್ತಾರೆ, ಅದರಲ್ಲಿ ಕೆಲವು ಚಾನಲ್ ಬರೋದೇ ಇಲ್ಲ, ಎಂಪೆಗ್-4 ಬಾಕ್ಸು ಎರಡೂ ಹಿಡಿಯತ್ತೆ. ಮನೇಲಿ ಅಥವಾ ಟೆರೇಸಲ್ಲಿ ಯಾವುದಾದ್ರೂ ಡಿಟಿಎಚ್ಚಿನ ಹಳೇ ಛತ್ರಿ ನಿಮ್ಮದೇ ಬಿದ್ದಿದ್ರೆ ಅದನ್ನೇ ಬಳಸಿ, ತಗಡು ತಗಡೇ, ಮುಂದಿರೋ ಎಲ್‌ಎನ್‌ಬಿ (ಸಿಗ್ನಲ್ ಹಿಡಿಯೋ ತಲೆ) ಮಾತ್ರ ಸರಿಹೋಗದಿದ್ರೆ ಯೂನಿವರ್ಸಲ್ ಅನ್ನೋದು ಇನ್ನೂರು ರೂಪಾಯಿ ಆಸುಪಾಸಲ್ಲಿ ಸಿಗತ್ತೆ. ಆದ್ರೆ ದಿಕ್ಕು ಬದಲಾಯಿಸ್ಲೇಬೇಕು. ಫ್ರೀ ಡಿಶ್ ಬರೋದು ಜಿಸ್ಯಾಟ್-15 ಉಪಗ್ರಹದಿಂದ, ಅದಿರೋದು 93.5 ಡಿಗ್ರಿ ಪೂರ್ವದಲ್ಲಿ, ನಮ್ಮ ಮುಂಬೈ-ಠಾಣೆ ಕಡೆಯಿಂದ ನೋಡಿದ್ರೆ ಆಗ್ನೇಯ ದಿಕ್ಕಿಗೆ, ಮೊಬೈಲಿನ ದಿಕ್ಸೂಚೀಲಿ 131 ಡಿಗ್ರಿ, ನೆಲದಿಂದ ಸುಮಾರು 58 ಡಿಗ್ರಿ ಎತ್ತರಕ್ಕೆ. ಪುಣೆ, ಗೋವಾದವರಿಗೂ ನಾಲ್ಕೈದು ಡಿಗ್ರಿ ಒಳಗೇ ವ್ಯತ್ಯಾಸ.

ಚಾಳಲ್ಲಿ, ಒತ್ತೊತ್ತಾದ ಬಿಲ್ಡಿಂಗಲ್ಲಿ ಇರೋರು ಎದುರು ಬಿಲ್ಡಿಂಗ್ ಅಡ್ಡ ಬರತ್ತೆ ಅಂತ ಮೊದಲೇ ಕೈ ಬಿಡ್ತಾರೆ. ಹಾಗೇನಿಲ್ಲ, ಇದು ಎತ್ತರದಿಂದ ಬರೋ ಸಿಗ್ನಲ್ಲು, ಎದುರು ಬಿಲ್ಡಿಂಗ್ 10 ಮೀಟರ್ ದೂರ ಇದ್ರೆ ಅದು ನಿಮ್ಮ ಕಿಟಕಿಗಿಂತ 16 ಮೀಟರ್, ಅಂದ್ರೆ ಐದು ಮಹಡಿ ಮೇಲಕ್ಕಿದ್ರೆ ಮಾತ್ರ ತಡೆಯತ್ತೆ. ಇದನ್ನ ಯಾವ ಮೀಟರೂ ಇಲ್ದೆ ನೋಡೋ ಒಂದು ಉಪಾಯ ಇದೆ. ಮಾರ್ಚ್ ಮಧ್ಯದಲ್ಲಿ, ಮತ್ತೆ ಅಕ್ಟೋಬರ್ ಶುರುವಲ್ಲಿ, ಬೆಳಗ್ಗೆ 11 ಗಂಟೆ ಸುಮಾರಿಗೆ ಸೂರ್ಯ ಹತ್ತಿರ ಹತ್ತಿರ ಆ ಉಪಗ್ರಹ ಇರೋ ಜಾಗದಲ್ಲೇ ಇರ್ತಾನೆ, ಆ ಹೊತ್ತಿಗೆ ನಿಮ್ಮ ಗ್ರಿಲ್ಲಿನ ಯಾವ ಮೂಲೆ ಮೇಲೆ ನೇರ ಬಿಸಿಲು ಬೀಳತ್ತೋ ಅಲ್ಲಿ ಛತ್ರಿ ಕೂರಿಸಿದ್ರೆ ಸಿಗ್ನಲ್ ಗ್ಯಾರಂಟಿ, ಸೆಕ್ರೆಟರಿ ಹತ್ರ ಟೆರೇಸಿಗೆ ಪರ್ಮಿಷನ್ ಕೇಳೋ ಗೋಜೇ ಇಲ್ಲ. (ಅದೇ ದಿನಗಳಲ್ಲಿ ಆ ಹೊತ್ತಿಗೆ ಕೆಲವು ನಿಮಿಷ ಚಿತ್ರ ಹೋಗಿ ಬರತ್ತೆ, ಸೂರ್ಯನ ಗದ್ದಲ ಸಿಗ್ನಲ್ಲನ್ನ ನುಂಗಿಹಾಕತ್ತೆ, ತಾನೇ ಸರಿಹೋಗತ್ತೆ, ಮೆಕ್ಯಾನಿಕ್ ಕರೆಯೋದು ಬೇಡ.) ಇನ್ನೊಂದು, ಈ ಛತ್ರಿಗಳು ಆಫ್‌ಸೆಟ್ ಮಾದರಿ, ಎಲ್‌ಎನ್‌ಬಿ ಕೆಳಗಿನಿಂದ ಚಾಚಿರತ್ತೆ, ಅದಕ್ಕೇ ಛತ್ರಿಯ ಮುಖ ನೋಡೋಕೆ ನೆಟ್ಟಗೆ ನಿಂತಂತೆ ಕಾಣತ್ತೆ. ಮೇಲೆ ನೋಡ್ಬೇಕಲ್ವಾ ಅಂತ ಮಲಗಿಸಿಬಿಟ್ರೆ ಸಿಗ್ನಲ್ ಹೋಗತ್ತೆ.

ಮಳೆ ವಿಷಯ ಮುಚ್ಚಿಡಲ್ಲ. ನಮ್ಮ ಜುಲೈ ಮಳೆ ಜೋರಾಗಿ ಹೊಡೆದಾಗ ಫ್ರೀ ಡಿಶ್ಶೂ, ದುಡ್ಡು ಕೊಟ್ಟ ಡಿಟಿಎಚ್ಚೂ, ಎರಡೂ ಚೌಕ ಚೌಕ ಒಡೆದು ನಿಂತುಹೋಗತ್ತೆ, ಅಷ್ಟು ಮೇಲಿನ ಫ್ರೀಕ್ವೆನ್ಸಿಯನ್ನ ಮಳೆನೀರು ಹೀರ್ಕೊಳ್ಳತ್ತೆ. 60 ಸೆಂಟಿಮೀಟರ್ ಬದಲು ಸ್ವಲ್ಪ ದೊಡ್ಡ ಛತ್ರಿ ಹಾಕಿದ್ರೆ, ನಿಖರವಾಗಿ ತಿರುಗಿಸಿದ್ರೆ ಈ ಕಾಟ ಕಮ್ಮಿ ಆಗತ್ತೆ, ಪೂರ್ತಿ ಹೋಗಲ್ಲ. ಮಳೆ ಇಲ್ದಾಗಲೂ ಹೋಗ್ತಿದ್ರೆ ಅದು ಕನೆಕ್ಟರಿನ ತುಕ್ಕು, ಸಮುದ್ರದ ಗಾಳಿಗೆ ಇಲ್ಲಿ ಎಲ್ಲ ಬೇಗ ತುಕ್ಕು ಹಿಡಿಯತ್ತೆ. ವೈರ್ ಎಲ್‌ಎನ್‌ಬಿಗೆ ಸೇರೋ ಜಾಗಕ್ಕೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ, ಕಿಟಕಿ ಒಳಗೆ ಬರೋ ಮೊದಲು ವೈರನ್ನ ಒಂದು ಬಾಗು ಕೆಳಗೆ ಇಳಿಬಿಡಿ, ನೀರು ಅಲ್ಲೇ ತೊಟ್ಟಿಕ್ಕತ್ತೆ, ಗೋಡೆಯೊಳಗೆ ಬರಲ್ಲ.

ಈಗ ನಿಮ್ಮ ಟಿವಿ ಹಿಂದಿನ ತೂತು. ಹಳದಿ ಮತ್ತು ಬಿಳಿ ಇದೆ ಅಂದ್ರಿ, ತುಂಬಾ ಒಳ್ಳೇದಾಯ್ತು, ಎವಿ ಇನ್‌ಪುಟ್ ಇದೆ ಅಂದ್ರೆ ಅರ್ಧ ಕೆಲಸ ಮುಗಿದಂಗೆ. ಹಳದಿ ಚಿತ್ರಕ್ಕೆ, ಬಿಳಿ ಶಬ್ದಕ್ಕೆ. ಬಾಕ್ಸಿನ ಜೊತೆ ಬರೋ ವೈರಲ್ಲಿ ಕೆಂಪು ಪಿನ್ನೂ ಇರತ್ತೆ, ನಿಮ್ಮದು ಒಂದೇ ಸ್ಪೀಕರಿನ ಮೋನೋ ಟಿವಿ, ಕೆಂಪು ಸುಮ್ಮನೆ ನೇತಾಡಲಿ ಬಿಡಿ. ಆದ್ರೆ ಬಾಕ್ಸಿನ ಸೆಟ್ಟಿಂಗಲ್ಲಿ ಆಡಿಯೋ ಅಂತ ಹುಡುಕಿ ಮೋನೋ ಮಾಡಿ, ಇಲ್ಲಾಂದ್ರೆ ಬಲಗಡೆಯ ಶಬ್ದ ಕಳೆದುಹೋಗತ್ತೆ, ಹಾಡಲ್ಲಿ ಒಂದು ವಾದ್ಯನೇ ಕೇಳಿಸಲ್ಲ. ಟಿವಿ ಸಿಸ್ಟಮ್ ಪಾಲ್ ಇರಲಿ, ಚಿತ್ರದ ಆಕಾರ 4:3 ಅಥವಾ ಲೆಟರ್‌ಬಾಕ್ಸ್ ಇರಲಿ, ಇಲ್ಲದಿದ್ರೆ ಮುಖಗಳೆಲ್ಲ ಉದ್ದುದ್ದ ಎಳೆದಂಗೆ ಕಾಣತ್ತೆ.

ಇಲ್ಲೊಂದು ಕಡೆ ತುಂಬಾ ಜನ ಸಿಕ್ಕಿಹಾಕ್ಕೊಳ್ತಾರೆ. ಈಗಿನ ಸಣ್ಣ ಬಾಕ್ಸುಗಳಲ್ಲಿ ಮೂರು ತೂತಿನ ಬದಲು ಇಯರ್‌ಫೋನ್ ಥರದ ಒಂದೇ ತೂತು ಇರತ್ತೆ, ಒಂದು ತುದಿ ಇಯರ್‌ಫೋನ್ ಪಿನ್ನು, ಇನ್ನೊಂದು ತುದಿ ಮೂರು ಬಣ್ಣ ಇರೋ ವೈರ್ ಬೇಕು. ಬಾಕ್ಸಿನ ಜೊತೆ ಬಂದದ್ದೇ ಆದ್ರೆ ತೊಂದ್ರೆ ಇಲ್ಲ. ಅಂಗಡೀಲಿ ಬೇರೆ ತಂದ್ರೆ ಪಿನ್ನಿನ ಮೇಲಿನ ಪಟ್ಟಿಗಳ ಜೋಡಣೆ ಒಂದೊಂದು ಕಂಪನಿದು ಒಂದೊಂದು ಥರ, ಚಿತ್ರ ಬರಲ್ಲ, ಸ್ಪೀಕರಿಂದ ಗೊರ್ ಅಂತ ಶಬ್ದ ಬರತ್ತೆ, ಬಾಕ್ಸೇ ಕೆಟ್ಟಿದೆ ಅಂತ ವಾಪಸ್ ಕೊಡೋಕೆ ಹೋಗ್ತಾರೆ. ಹಾಗಾದಾಗ ಟಿವಿಯ ಹಳದಿ ತೂತಿಗೆ ಕೆಂಪು ಪಿನ್ ಹಾಕಿ ನೋಡಿ, ಆಗಲಿಲ್ಲ ಅಂದ್ರೆ ಬಿಳಿ ಹಾಕಿ ನೋಡಿ, ಬಹಳ ಸಲ ಅಲ್ಲೇ ಚಿತ್ರ ಸಿಗತ್ತೆ. ಅದಕ್ಕೂ ಬರಲಿಲ್ಲ ಅಂದ್ರೆ ವೈರ್ ಬದಲಾಯಿಸಿ. ಬಾಕ್ಸ್ ಕೊಳ್ಳೋ ಮುಂಚೆ ಎವಿ ಔಟ್ ಇದೆಯಾ ಅಂತ ಹಿಂದೆ ತಿರುಗಿಸಿ ಕಣ್ಣಾರೆ ನೋಡಿ, ಬರೀ ಎಚ್‌ಡಿಎಂಐ (ಹೊಸ ಟಿವಿಗಳ ಚಪ್ಪಟೆ ತೂತು) ಇರೋ ಬಾಕ್ಸು ನಿಮಗೆ ಸೀದಾ ಆಗಲ್ಲ.

ಎವಿ ತೂತೇ ಇಲ್ಲದ, ಬರೀ ಆಂಟೆನಾ ಪಿನ್ ಇರೋ ಇನ್ನೂ ಹಳೇ ಟಿವಿ ಇದ್ದೋರು ಆರ್‌ಎಫ್ ಮಾಡ್ಯುಲೇಟರ್ ಅನ್ನೋ ಚಿಕ್ಕ ಡಬ್ಬಿ ಹಾಕ್ಬೇಕು, ಅದು ಹಳದಿ-ಬಿಳಿ ವೈರಿನ ಸಿಗ್ನಲ್ಲನ್ನ ಹಳೇ ಚಾನಲ್ ಥರ ಮಾಡಿ ಆಂಟೆನಾ ಪಿನ್ನಿಗೆ ಕೊಡತ್ತೆ. ಗ್ರಾಂಟ್ ರೋಡ್ ಸ್ಟೇಷನ್ ಹತ್ರ ಲ್ಯಾಮಿಂಗ್ಟನ್ ರೋಡಲ್ಲಿ ಹುಡುಕಿದ್ರೆ ಸಿಗತ್ತೆ, ಭಾನುವಾರ ಹೋಗ್ಬೇಡಿ, ಬಹಳಷ್ಟು ಅಂಗಡಿ ಬಂದ್ ಇರತ್ತೆ. ಪಾಲ್-ಬಿ/ಜಿ ಅಂತ ಕೇಳಿ ತಗೊಳಿ. ಚಿತ್ರ ಚೆನ್ನಾಗಿದ್ದು ಶಬ್ದ ಮಾತ್ರ ಬುಸ್ ಅಂದ್ರೆ ಅದು ಬೇರೆ ದೇಶದ ಪದ್ಧತೀಲಿದೆ ಅಂತ ಅರ್ಥ, ನಮ್ಮ ಟಿವಿ ಶಬ್ದವನ್ನ ಚಿತ್ರದಿಂದ 5.5 ಮೆಗಾಹರ್ಟ್ಸ್ ದೂರದಲ್ಲಿ ಹುಡುಕತ್ತೆ, ಅಮೆರಿಕದ್ದು 4.5ರಲ್ಲಿ ಇಡತ್ತೆ.

ಮನೇಲಿ ವೈಫೈ ಇದೆ, ಹಾಲ್‌ನ ಟಿವಿಗೆ ಇಂಟರ್ನೆಟ್ಟಿಂದ ಆ್ಯಪ್ ತೋರಿಸೋ ಸ್ಟಿಕ್ ಹಾಕಿದೀವಿ, ಅದನ್ನೇ ಇದಕ್ಕೂ ಹಾಕ್ಬಹುದಾ ಅಂತಲೂ ನಿಮಗೆ ಅನ್ನಿಸಬಹುದು. ಆಗತ್ತೆ. ಎಚ್‌ಡಿಎಂಐ ಟು ಎವಿ ಅನ್ನೋ ಅಂಗೈಯಗಲದ ಡಬ್ಬಿ 300ರಿಂದ 500ಕ್ಕೆ ಸಿಗತ್ತೆ, ಆದ್ರೆ ನೋಡೋಕೆ ಪಡಿಯಚ್ಚು ಅದೇ ಥರ ಇರೋ ಎವಿ ಟು ಎಚ್‌ಡಿಎಂಐ ಬೇರೆ, ಅದು ಉಲ್ಟಾ ಕೆಲಸ ಮಾಡತ್ತೆ, ಹೆಸರು ಎರಡು ಸಲ ಓದಿ. ಅದರ ಪಕ್ಕದಲ್ಲಿ ಪಾಲ್-ಎನ್‌ಟಿಎಸ್‌ಸಿ ಅಂತ ಸಣ್ಣ ಸ್ವಿಚ್ ಇರತ್ತೆ, ಪಾಲ್ ಕಡೆ ತಳ್ಳಿ, ಇಲ್ಲಾಂದ್ರೆ ಬಣ್ಣ ಹೋಗಿ ಕಪ್ಪು-ಬಿಳುಪು ಬರಬಹುದು. ಅದಕ್ಕೂ ಚಾರ್ಜರ್ ಬೇಕು. ಆದ್ರೂ ಅತ್ತೆಗೆ ನಾನು ಇದನ್ನ ಸೂಚಿಸಲ್ಲ, ಡಬ್ಬಾ ಟಿವಿ ಮೇಲೆ ಆ ಆ್ಯಪ್‌ಗಳ ಅಕ್ಷರ ಇರುವೆ ಸಾಲಿನಂಗೆ ಕಾಣತ್ತೆ, ಅಂಚು ಕತ್ತರಿಸಿ ಹೋಗತ್ತೆ, ವಯಸ್ಸಾದೋರಿಗೆ ಒಂದು ಬಟನ್ ಒತ್ತಿದ್ರೆ ಚಾನಲ್ ಬರ್ಬೇಕು, ಹುಡುಕಾಟ ಅವರಿಂದ ಆಗಲ್ಲ.

ಇಷ್ಟೆಲ್ಲ ಮಾಡೋ ಬದಲು ಹೊಸ ಟಿವೀನೇ ತರೋಣ್ವಾ ಅಂತ ಮನೆಯವರು ಕೇಳ್ತಾರೆ. ಚಿತ್ರ ಸ್ವಚ್ಛವಾಗಿ ಬರ್ತಿದ್ರೆ ಬೇಡ ಅಂತೀನಿ, ಬಣ್ಣ ಮಂಕಾಗಿದ್ರೆ, ಆನ್ ಆಗೋಕೆ ನಿಮಿಷಗಟ್ಟಲೆ ತಗೊಂಡ್ರೆ ಟ್ಯೂಬ್ ಸೋತಿದೆ, ಅದರ ರಿಪೇರಿಗೆ ಒಂದು ಪೈಸೆ ಹಾಕ್ಬೇಡಿ. ಹೇಗೂ ಬಾಕ್ಸು, ಕನೆಕ್ಷನ್ನು ಹೊಸ ಟಿವಿಗೂ ಆಗತ್ತೆ, ಆ ದುಡ್ಡು ದಂಡ ಆಗಲ್ಲ. ಹಿಂಬದಿ ಕವಚ ಮಾತ್ರ ಮನೇಲಿ ಯಾರೂ ಬಿಚ್ಚಕೂಡದು, ಟ್ಯೂಬಿಗೆ ಹೋಗೋದು 20 ಸಾವಿರ ವೋಲ್ಟಿಗೂ ಮೇಲೆ, ಪ್ಲಗ್ ತೆಗೆದ್ಮೇಲೂ ಕರೆಂಟು ಅದರಲ್ಲಿ ಕೂತಿರತ್ತೆ. ಒಂದಿನ ಬಿಸಾಕೋ ಹೊತ್ತು ಬಂದ್ರೂ ಭಂಗಾರ್‌ವಾಲಾಗೆ, ಅಂದ್ರೆ ಗುಜರಿಯವನಿಗೆ, ಕೊಡ್ಬೇಡಿ, ಅವನು ತಾಮ್ರಕ್ಕೋಸ್ಕರ ಒಡೀತಾನೆ, ಗಾಜಿನಲ್ಲಿ ಸೀಸ ಇದೆ, ಇ-ವೇಸ್ಟ್ ತಗೊಳೋರಿಗೇ ಕೊಡಿ.

ಕನೆಕ್ಷನ್ ಆದ್ಮೇಲೆ ಒಂದು ಕೆಲಸ ಬಾಕಿ ಇರತ್ತೆ, ರಿಮೋಟು. ಈಗ ಎರಡು ಆಯ್ತಲ್ಲ, ಟಿವಿದು ಒಂದು, ಬಾಕ್ಸಿಂದು ಒಂದು. ಟಿವಿ ರಿಮೋಟಲ್ಲಿ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ಎವಿ ಮೋಡಿಗೆ ತಂದು, ಅದನ್ನ ಟಿವಿ ಹತ್ರಾನೇ ಪಕ್ಕಕ್ಕಿಡಿ, ಅತ್ತೆ ಕೈಗೆ ಬಾಕ್ಸಿನ ರಿಮೋಟ್ ಒಂದೇ ಕೊಡಿ, ಅದರಲ್ಲೇ ಶಬ್ದವೂ ಕಮ್ಮಿ-ಜಾಸ್ತಿ ಆಗತ್ತೆ. ಅವರ ಚಾನಲ್‌ಗಳನ್ನ ಫೇವರಿಟ್‌ಗೆ ಹಾಕಿಬಿಟ್ರೆ ನೂರಾರು ಚಾನಲ್ ದಾಟೋ ಕಷ್ಟ ಇಲ್ಲ. ಆದ್ರೆ ಕರೆಂಟ್ ಹೋಗಿ ಬಂದಾಗ ಹಳೇ ಟಿವಿಗಳು ಎವಿ ಮರೆತು ಮತ್ತೆ ಒಂದನೇ ಚಾನಲ್ಲಿಗೆ ಹೋಗ್ತಾವೆ, ಅದೇ ಚುಕ್ಕಿ, ಅದೇ ಬುಸ್, ನೀವು ಆಫೀಸಲ್ಲಿರೋವಾಗ ಫೋನ್ ಬರತ್ತೆ ಟಿವಿ ಕೆಡ್ತು ಅಂತ. ಹಾಗಾಗಿ ಟಿವಿ ರಿಮೋಟಿನ ಎವಿ ಬಟನ್ ಮೇಲೆ ಎದ್ದು ಕಾಣೋಹಾಗೆ ಒಂದು ಸ್ಟಿಕ್ಕರ್ ಬಿಂದಿ ಅಂಟಿಸಿ, ಚುಕ್ಕಿ ಬಂದಾಗ ಇದನ್ನ ಒತ್ತಿ ಅಂತ ಅವರ ಕೈಯಲ್ಲೇ ಒಂದೆರಡು ಸಲ ಒತ್ತಿಸಿ ತೋರಿಸಿ. ಕೆಲವು ಒನಿಡಾಗಳಲ್ಲಿ ಎವಿ ಬಟನ್ ಬೇರೆ ಇರಲ್ಲ, ಸೊನ್ನೆ ಚಾನಲ್ಲಿಗೆ ಹೋದ್ರೆ ಎವಿ ಬರತ್ತೆ, ನಿಮ್ಮದು ಹಾಗಿದ್ರೆ ಬಿಂದಿಯನ್ನ ಸೊನ್ನೆ ಮೇಲೆ ಅಂಟಿಸಿ.